ಹಲ್ಲೆಯ ವೀಡಿಯೊ ಬಂತು, ಗ್ರೂಪಿನಲ್ಲಿ ಜಗಳ ಶುರುವಾಯ್ತು: ಮುಂದೇನು ಮಾಡಬೇಕು?

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟ್ ಗ್ರೂಪ್, ಆಫೀಸ್ ಗ್ರೂಪ್, ಹಳೇ ಕಾಲೇಜು ಗೆಳೆಯರ ಗ್ರೂಪ್ ನೋಡಿ. ಆಗಾಗ ಇಂಥದ್ದೊಂದು ವೀಡಿಯೊ ಬಂದೇ ಬರುತ್ತದೆ. ಮಣಿಪುರದ ಹುಡುಗಿಯ ಮುಖ ನೋಡಿ ಯಾರೋ ಏನೋ ಅಂದಿದ್ದಾರೆ. ಆಫ್ರಿಕಾದ ವಿದ್ಯಾರ್ಥಿಯನ್ನು ಸುತ್ತುವರಿದು ನಿಂತಿದ್ದಾರೆ. ಮನೆಕೆಲಸದ ಹೆಂಗಸನ್ನು ಕಳ್ಳತನದ ಅನುಮಾನಕ್ಕೆ ಹೊಡೆದಿದ್ದಾರೆ. ಪೌರಕಾರ್ಮಿಕರನ್ನು ಜಾತಿ ಹಿಡಿದು ಬೈದಿದ್ದಾರೆ. ಐದು ನಿಮಿಷದಲ್ಲಿ ಗ್ರೂಪ್ ಎರಡು ಹೋಳು. ಮಧ್ಯಾಹ್ನದ ಹೊತ್ತಿಗೆ ಜಗಳ ಕನ್ನಡ-ಹಿಂದಿಗೆ ತಿರುಗಿ, ಅಲ್ಲಿಂದ ಮೀಸಲಾತಿಗೆ ಹಾರಿ, ಸಂಜೆಗೆ ಇಬ್ಬರು ಮುನಿಸಿಕೊಂಡು ಗ್ರೂಪ್ ಬಿಟ್ಟು, ರಾತ್ರಿ ಯಾರೋ ಒಬ್ಬರು ಹೂವಿನ ಚಿತ್ರದ ಜೊತೆ ಗುಡ್‌ನೈಟ್ ಹಾಕುವ ತನಕ ನಡೆಯುತ್ತದೆ. ಆ ವೀಡಿಯೊದಲ್ಲಿದ್ದ ಹೆಂಗಸು ಈಗ ಎಲ್ಲಿದ್ದಾಳೆ, ಆಸ್ಪತ್ರೆಗೆ ಹೋದಳಾ, ದೂರು ದಾಖಲಾಯ್ತಾ ಅಂತ ಒಬ್ಬರೂ ಕೇಳಿರುವುದಿಲ್ಲ.

ವಾದವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು, ಖಂಡಿತ ಬೇಕು. ಆದರೆ ಸಾಲಿನಲ್ಲಿ ಅದರ ಜಾಗ ಕೊನೆಗೆ. ಮೊದಲು ವಿಷಯ ನಿಜವಾ ಅಂತ ನೋಡಬೇಕು. ಆಮೇಲೆ ನೊಂದವರನ್ನು ಕೇಳಬೇಕು. ಆಮೇಲೆ ಸಾಕ್ಷ್ಯ, ದೂರು. ಇಷ್ಟು ಮಾಡಿದವರ ಮಾತಿಗೆ ಗ್ರೂಪಿನಲ್ಲೂ ತೂಕ ಬರುತ್ತದೆ. ಅದಕ್ಕೇ ಈ ಲೇಖನವನ್ನೂ ಅದೇ ಸಾಲಿನಲ್ಲಿ ಬರೆದಿದ್ದೇನೆ.

ಫಾರ್ವರ್ಡ್ ಒತ್ತುವ ಮುಂಚೆ

ಈ ಊರಿಗೆ ಇದರ ಪಾಠ ಸಾಕಷ್ಟು ಸಲ ಆಗಿದೆ. 2012ರ ಜುಲೈನಲ್ಲಿ ಅಸ್ಸಾಮಿನ ಕೋಕ್ರಾಝಾರ್ ಕಡೆ ಗಲಭೆ ಆಯಿತು. ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೂ ದಾಳಿ ಆಗುತ್ತದೆ ಎಂಬ ಎಸ್‌ಎಂಎಸ್‌ಗಳು ಓಡಾಡಿದವು. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಸಿಟಿ ರೈಲ್ವೆ ನಿಲ್ದಾಣಕ್ಕೆ ಬಂದು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೇಂದ್ರ ಸರ್ಕಾರ 15 ದಿನಗಳ ಮಟ್ಟಿಗೆ ರಾಶಿ ರಾಶಿ ಎಸ್‌ಎಂಎಸ್ ಕಳಿಸುವುದನ್ನು ನಿಲ್ಲಿಸಿ, ದಿನಕ್ಕೆ ಐದೇ ಅಂತ ಮಿತಿ ಹಾಕಿತು. ಹುಷಾರಾಗಿರಲಿ ಅಂತ ಒಳ್ಳೇ ಮನಸ್ಸಿನಿಂದ ಕಳಿಸಿದ ಸಂದೇಶವೂ ಆಗ ಭಯವನ್ನೇ ಹರಡಿತು.

2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳ ಅಂತ ಕಟ್ಟಿಹಾಕಿ ಹೊಡೆದು ಕೊಂದರು. ವಾಟ್ಸಾಪಿನಲ್ಲಿ ಮಕ್ಕಳ ಕಳ್ಳರ ಸುಳ್ಳು ಸುದ್ದಿ ಓಡಾಡುತ್ತಿದ್ದ ದಿನಗಳು ಅವು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬರ ಜೀವ ಹೋಯಿತು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣ. ನಮ್ಮ ಫೋನಿನಲ್ಲಿ ಇವತ್ತು ಕಾಣುವ ‘ಫಾರ್ವರ್ಡೆಡ್’ ಗುರುತು, ಐದು ಚಾಟ್‌ಗಳ ಮಿತಿ ಎಲ್ಲ ಆ ವರ್ಷದ ಜುಲೈನಲ್ಲೇ ಬಂದಿದ್ದು.

ಇನ್ನೊಂದು ಕಥೆ ಅಷ್ಟು ಜನಕ್ಕೆ ನೆನಪಿಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ‘ಅಕ್ರಮ ಬಾಂಗ್ಲಾದೇಶಿಗಳ ಬಡಾವಣೆ’ ಅಂತ ಒಂದು ವೀಡಿಯೊ ಹರಿದಾಡಿತು. ಕೆಲವೇ ದಿನಗಳಲ್ಲಿ ಅಲ್ಲಿನ ಶೆಡ್‌ಗಳನ್ನು ನೆಲಸಮ ಮಾಡಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು, ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್, ವೋಟರ್ ಐಡಿ ಹಿಡಿದುಕೊಂಡು ನಿಂತಿದ್ದರು. ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು, ಆ ಕ್ರಮ ಕಾನೂನಿಗೆ ವಿರುದ್ಧ ಎಂದೂ ಹೇಳಿತು. ಮನೆ ಬಿದ್ದಾಗಿತ್ತು.

ಹಾಗಾದರೆ ನೋಡೋದು ಹೇಗೆ? ಮೊದಲು ಜಾಗ. ಅಂಗಡಿ ಬೋರ್ಡು ಯಾವ ಭಾಷೆಯಲ್ಲಿದೆ, ಗಾಡಿಗಳ ನಂಬರ್ ಕೆಎ ಅಂತ ಶುರುವಾಗುತ್ತಾ, ಆಟೊಗಳ ಬಣ್ಣ ನಮ್ಮ ಹಸಿರು-ಹಳದಿಯಾ, ಬಸ್ಸು ಬಿಎಂಟಿಸಿಯಾ, ಟ್ರಾಫಿಕ್ ಪೊಲೀಸರ ಸಮವಸ್ತ್ರ ಇಲ್ಲಿಯದಾ. ‘ಬೆಂಗಳೂರಿನಲ್ಲಿ ನೋಡಿ ಏನಾಗ್ತಿದೆ’ ಅಂತ ಬರುವ ವೀಡಿಯೊ ಈ ಪರೀಕ್ಷೆಯಲ್ಲೇ ಎಷ್ಟೋ ಸಲ ಸಿಕ್ಕಿಬೀಳುತ್ತದೆ. ಎರಡನೆಯದು ಕಾಲ. ವೀಡಿಯೊದ ಒಂದು ಸ್ಪಷ್ಟ ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿ. ಹಳೇ ವೀಡಿಯೊಗಳು ಹಬ್ಬದ ಹೊತ್ತಿಗೆ, ಚುನಾವಣೆ ಹೊತ್ತಿಗೆ ಮತ್ತೆ ಎದ್ದು ಬರುತ್ತವೆ. ಮೂರನೆಯದು, ಕತ್ತರಿಸಿದ್ದಾರಾ ಅಂತ. 20 ಸೆಕೆಂಡಿನ ತುಣುಕಿನ ಹಿಂದೆ ಹತ್ತು ನಿಮಿಷದ ಗಲಾಟೆ ಇರಬಹುದು. ಆದರೆ ಒಂದು ಮಾತು. ‘ಮುಂಚೆ ಏನಾಯ್ತೋ ಯಾರಿಗ್ಗೊತ್ತು’ ಅನ್ನುವುದನ್ನೇ ಗುರಾಣಿ ಮಾಡಿಕೊಳ್ಳುವವರೂ ಇದ್ದಾರೆ. ಹತ್ತು ಜನ ಒಬ್ಬನನ್ನು ನೆಲಕ್ಕೆ ಹಾಕಿ ತುಳಿಯುತ್ತಿರುವುದು ಕಾಣುತ್ತಿದ್ದರೆ, ಮುಂಚೆ ಏನೇ ಆಗಿರಲಿ, ಅದು ಅಪರಾಧವೇ.

ಈಗಲೇ, ಈ ಗಳಿಗೆಯಲ್ಲಿ ನಡೆಯುತ್ತಿದೆ ಅಂತ ಗೊತ್ತಾದರೆ ಇದ್ಯಾವುದೂ ಬೇಡ. ಸೀದಾ 112ಕ್ಕೆ ಫೋನ್ ಮಾಡಿ. ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ. ಏರಿಯಾ ಹೆಸರು ಸಾಲದು, ಪಕ್ಕದ ಅಂಗಡಿ ಅಥವಾ ಬಸ್ ಸ್ಟಾಪಿನ ಹೆಸರೂ ಹೇಳಿ.

ನಿಮ್ಮ ಕಣ್ಣೆದುರೇ ನಡೆದರೆ

2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ನಡೆದದ್ದು ನೆನಪಿದೆಯಾ? ತಲೆ ಮೇಲೆ ಚೀಲ ಹೊತ್ತ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಅಂತ ತಡೆದರು. ಟಿಕೆಟ್ ಅವರ ಕೈಯಲ್ಲೇ ಇತ್ತು. ಜೊತೆಯಲ್ಲಿದ್ದ ಪ್ರಯಾಣಿಕರು ಸುಮ್ನೆ ಹೋಗಲಿಲ್ಲ. ಚೀಲದಲ್ಲಿ ಬಟ್ಟೆ ಅಷ್ಟೇ ಇದೆ, ಯಾವ ನಿಯಮದಲ್ಲಿ ತಡೆಯುತ್ತಿದ್ದೀರಿ ಅಂತ ಕೇಳಿದರು, ವೀಡಿಯೊ ಮಾಡಿದರು, ಅವರನ್ನು ಒಳಗೆ ಕರೆದುಕೊಂಡು ಹೋದರು. ಮೆಟ್ರೊ ನಿಗಮ ಆ ಭದ್ರತಾ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರಿಗೆ ಒಳಗೆ ಬಿಡದೆ ಗಲಾಟೆಯಾಗಿ, ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು.

ಇದರಿಂದ ಕಲಿಯಬೇಕಾದ್ದು ಆ ಒಂದು ಪ್ರಶ್ನೆ: ‘ಯಾವ ನಿಯಮ, ಎಲ್ಲಿ ಬರೆದಿದೆ, ತೋರಿಸಿ.’ ಕೂಗಾಡದೆ ಕೇಳಿ. ತಡೆಯುವವನ ಹತ್ತಿರ ಸಾಮಾನ್ಯವಾಗಿ ಉತ್ತರ ಇರುವುದಿಲ್ಲ. ಅವನ ಮುಂದೆ ನಿಂತು ಜಗಳ ಕಾಯುವುದಕ್ಕಿಂತ ನೊಂದವರ ಪಕ್ಕ ಹೋಗಿ ನಿಲ್ಲುವುದು ವಾಸಿ. ‘ಬನ್ನಿ ಅಣ್ಣ, ಈ ಕಡೆ ನಿಲ್ಲೋಣ’ ಅಂದರೂ ಸಾಕು, ಒಂಟಿಯಾಗಿದ್ದವರಿಗೆ ಧೈರ್ಯ ಬರುತ್ತದೆ. ಗುಂಪು ದೊಡ್ಡದಿದ್ದು ಕೈ ಮಾಡುತ್ತಿದ್ದರೆ ಒಬ್ಬರೇ ನುಗ್ಗಬೇಡಿ. ದೂರದಿಂದ ವೀಡಿಯೊ ಮಾಡಿ, ಇನ್ನೊಬ್ಬರ ಕೈಲಿ 112ಕ್ಕೆ ಫೋನ್ ಮಾಡಿಸಿ.

ಆ ವ್ಯಕ್ತಿಯನ್ನು ಕೇಳಿ

ಎಲ್ಲರೂ ಹಾರಿಹೋಗುವ ಮೆಟ್ಟಿಲು ಇದು. ನ್ಯಾಯ ಅಂದರೆ ಏನು ಅಂತ ನಾವೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ: ವೀಡಿಯೊ ವೈರಲ್ ಆಗಬೇಕು, ಟಿವಿಯವರು ಬರಬೇಕು, ಹೊಡೆದವನು ಜೈಲಿಗೆ ಹೋಗಬೇಕು. ಹೊಡೆತ ತಿಂದವರಿಗೆ ಬೇಕಾಗಿರುವುದು ಬೇರೆಯೇ ಇರಬಹುದು. ಮನೆಕೆಲಸದ ಹೆಂಗಸಿಗೆ ಮೊದಲು ಬಾಕಿ ಇರುವ ಸಂಬಳ ಬೇಕು, ಕಿತ್ತಿಟ್ಟುಕೊಂಡ ಫೋನ್ ವಾಪಸ್ ಬೇಕು, ಅದೇ ಅಪಾರ್ಟ್‌ಮೆಂಟಿನ ಇನ್ನೆರಡು ಮನೆಗಳ ಕೆಲಸ ಹೋಗಬಾರದು. ವಿದೇಶಿ ವಿದ್ಯಾರ್ಥಿಗೆ ವೀಸಾ ಚಿಂತೆ. ಪೊಲೀಸ್ ಕೇಸಿನಲ್ಲಿ ಹೆಸರು ಬಂದರೆ ಏನಾಗುತ್ತೋ ಅಂತ. ಮಿಜೋರಾಂನಿಂದ ಬಂದ ಹುಡುಗನಿಗೆ ಮನೆ ಓನರ್ ತಿಂಗಳ ಕೊನೆಗೆ ಖಾಲಿ ಮಾಡು ಅಂದುಬಿಟ್ಟರೆ ಅಂತ ಭಯ. ಇವನ್ನೆಲ್ಲ ಕೇಳದೆ ನಾವು ಹೋರಾಟ ಶುರು ಮಾಡಿದರೆ ಅದರ ಬೆಲೆ ಅವರು ಕಟ್ಟುತ್ತಾರೆ, ನಾವಲ್ಲ.

ಕೇಳುವುದು ಕಷ್ಟ ಏನಲ್ಲ. ‘ಅಕ್ಕಾ, ಈಗ ನಿಮಗೆ ಏನು ಆಗ್ಬೇಕು? ಪೊಲೀಸ್ ಹತ್ರ ಹೋಗೋದಾ, ಬೇಡ್ವಾ? ಹೋಗೋದಾದ್ರೆ ನಾನೂ ಬರ್ತೀನಿ. ವೀಡಿಯೊ ಬೇರೆಯವರಿಗೆ ಕಳಿಸ್ಬಹುದಾ?’ ಇಷ್ಟು ಸಾಕು. ಅವರು ಬೇಡ ಅಂದರೆ ಬೇಡ. ಎರಡು ದಿನ ಬಿಟ್ಟು ಇನ್ನೊಂದು ಸಲ ಕೇಳಬಹುದು, ಒತ್ತಾಯ ಮಾಡುವ ಹಾಗಿಲ್ಲ. ನಡೆದದ್ದನ್ನು ಒಬ್ಬರು ಕೇಳಿ ಬರೆದುಕೊಂಡರೆ ಸಾಕು, ಬಂದಬಂದವರಿಗೆಲ್ಲ ಅವರ ಬಾಯಲ್ಲಿ ಹೇಳಿಸಬೇಡಿ. ಭಾಷೆ ಬರದಿದ್ದರೆ ಅವರೇ ನಂಬುವ ಗೆಳೆಯರನ್ನು ಕರೆಸಿ. ಅನುವಾದಕ್ಕೆ ಅಂತ ಅವರ ಮನೆ ಓನರನ್ನು ಕೂರಿಸಿದರೆ ಅರ್ಧ ಮಾತು ಹೊಟ್ಟೆಯಲ್ಲೇ ಉಳಿಯುತ್ತದೆ.

ಇದರಲ್ಲಿ ಕಾನೂನೂ ಇದೆ. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲಾಗುವ ಅಪರಾಧ. ಮಕ್ಕಳ ಗುರುತಿಗೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದೆ. ಮೈಮೇಲಿನ ಬಟ್ಟೆ ಎಳೆದಿರುವ ವೀಡಿಯೊವನ್ನು ‘ಜಾಗೃತಿಗಾಗಿ’ ಹಂಚುವವರು ಆ ಹೆಂಗಸಿಗೆ ಎರಡನೇ ಸಲ ಅದೇ ಕೆಲಸ ಮಾಡುತ್ತಿದ್ದಾರೆ. ಖಾರವಾಗಿ ಹೇಳಿದೆ ಅನಿಸಬಹುದು, ಇರಲಿ.

ಸಾಕ್ಷ್ಯ

ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದ ವೀಡಿಯೊ ಕುಗ್ಗಿರುತ್ತದೆ. ತೆಗೆದವರ ಫೋನಿನಲ್ಲಿರುವ ಮೂಲ ಫೈಲ್ ಅಳಿಸದ ಹಾಗೆ ನೋಡಿಕೊಳ್ಳಿ, ಡಾಕ್ಯುಮೆಂಟ್ ರೂಪದಲ್ಲಿ ಅಥವಾ ಪೆನ್‌ಡ್ರೈವ್‌ನಲ್ಲಿ ಪ್ರತಿ ಇಟ್ಟುಕೊಳ್ಳಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಯಾರು ತೆಗೆದರು, ಯಾವ ಫೋನು ಅನ್ನುವುದು ಗೊತ್ತಿರಬೇಕು. ಬೈಗುಳ ಪೋಸ್ಟ್ ಆಗಿದ್ದರೆ ಸ್ಕ್ರೀನ್‌ಶಾಟ್‌ನಲ್ಲಿ ಹೆಸರು, ನಂಬರ್, ದಿನಾಂಕ, ಸಮಯ ಎಲ್ಲ ಕಾಣಬೇಕು. ಕತ್ತರಿಸಬೇಡಿ. ಅಪಾರ್ಟ್‌ಮೆಂಟಿನ ಸಿಸಿಟಿವಿ ರೆಕಾರ್ಡಿಂಗ್ ಕೆಲವು ದಿನಕ್ಕೆ ತಾನೇ ಅಳಿಸಿಹೋಗುತ್ತದೆ. ಅದನ್ನು ಉಳಿಸಿಕೊಡಿ ಅಂತ ಅಸೋಸಿಯೇಷನ್‌ಗೆ ಅವತ್ತೇ ಇಮೇಲ್ ಹಾಕಿ.

ಗಾಯ ಆಗಿದ್ದರೆ ಬೌರಿಂಗ್, ವಿಕ್ಟೋರಿಯಾ, ಕೆ.ಸಿ. ಜನರಲ್, ಜಯನಗರ ಜನರಲ್ ಇಂಥ ಯಾವುದಾದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ದಾಖಲೆ ಮಾಡಿಸಿ. ‘ಬಿದ್ದು ಗಾಯ ಆಯ್ತು’ ಅಂತ ಬರೆಸಿಬಿಟ್ಟರೆ ಆಮೇಲೆ ಬಹಳ ಕಷ್ಟ. ಹೊಡೆದರು ಅಂತಲೇ ಹೇಳಬೇಕು.

ಠಾಣೆಗೆ ಹೋಗುವ ಮುಂಚೆ ತಿಳಿದಿರಲಿ

ಜನಾಂಗ ಹಿಡಿದು ಬೈಯುವುದಕ್ಕೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾನೂನು ಇಲ್ಲ. 2014ರ ಜನವರಿಯಲ್ಲಿ ಅರುಣಾಚಲದ ನಿಡೊ ತಾನಿಯಾ ಎಂಬ ಯುವಕ ದೆಹಲಿಯ ಲಾಜಪತ್ ನಗರದಲ್ಲಿ ಹಲ್ಲೆಗೆ ಸಿಕ್ಕಿ ಸತ್ತ. ಅವನ ಕೂದಲಿನ ಬಗ್ಗೆ ಅಂಗಡಿಯವರು ಆಡಿಕೊಂಡಿದ್ದರಿಂದ ಜಗಳ ಶುರುವಾಗಿತ್ತು. ಆಗ ರಚನೆಯಾದ ಬೆಜ್‌ಬರುವಾ ಸಮಿತಿ, ಇದಕ್ಕಾಗಿಯೇ ಆಗಿನ ದಂಡ ಸಂಹಿತೆಯಾದ ಐಪಿಸಿಗೆ ಹೊಸ ಸೆಕ್ಷನ್‌ಗಳನ್ನು ಸೇರಿಸಿ ಅಂತ ಅದೇ ವರ್ಷ ಶಿಫಾರಸು ಮಾಡಿತು. ಅವು ಕಾನೂನಾಗಲಿಲ್ಲ. 2024ರ ಜುಲೈ 1ಕ್ಕೆ ಐಪಿಸಿಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು.

ಹಾಗಂತ ಕೈಚೆಲ್ಲಬೇಕಾಗಿಲ್ಲ. ಹೊಸ ಸಂಹಿತೆಯಲ್ಲಿ, ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಹುಟ್ಟಿದ ಊರು, ಭಾಷೆ ಇಂಥ ಕಾರಣಕ್ಕೆ ಕೊಂದರೆ 103(2) ಸೆಕ್ಷನ್ ಇದೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಅದೇ ರೀತಿ ತೀವ್ರ ಗಾಯ ಮಾಡಿದರೆ 117(4), ಏಳು ವರ್ಷದವರೆಗೆ ಜೈಲು. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ಮಾತಿಗೆ 196. ಆದರೆ ಈ 196ಕ್ಕೆ ಕೋರ್ಟಿನಲ್ಲಿ ಮುಂದುವರಿಯಲು ಸರ್ಕಾರದ ಅನುಮತಿ ಬೇಕು. ಹಾಗಾಗಿ ಅದೊಂದನ್ನೇ ನಂಬಿಕೊಳ್ಳದೆ ಹಲ್ಲೆ, ಬೆದರಿಕೆ, ಅಡ್ಡಗಟ್ಟಿದ್ದು ಎಲ್ಲವನ್ನೂ ದೂರಿನಲ್ಲಿ ಬರೆಯಿರಿ.

ನೊಂದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಎದುರಿನವರು ಅಲ್ಲದಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇದು ಬಲವಾದ ಕಾನೂನು. ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಅಂತ 2018ರಲ್ಲಿ ಸೇರಿಸಿದ 18ಎ ಸೆಕ್ಷನ್ ಹೇಳುತ್ತದೆ. ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ಬೆಂಗಳೂರಿನಲ್ಲಿ ಅಂದರೆ ಎಸಿಪಿ. ಬೈದದ್ದು ನಾಲ್ಕು ಗೋಡೆಯೊಳಗೆ, ಬೇರೆ ಯಾರೂ ಇರಲಿಲ್ಲ ಅಂದರೆ ಅವಮಾನದ ಸೆಕ್ಷನ್ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ಆಗ ಕಾರಿಡಾರಿನಲ್ಲಿ ಯಾರಿದ್ದರು, ಲಿಫ್ಟ್ ಹತ್ತಿರ ಯಾರಿದ್ದರು ಅಂತ ಹೆಸರು ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ. ಸಹಾಯವಾಣಿ 14566. ರಾಜ್ಯದಲ್ಲಿ ಇದಕ್ಕಾಗಿಯೇ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೂ ಇದೆ. ಈಶಾನ್ಯದ ಬುಡಕಟ್ಟಿನವರಿಗೆ ‘ನಿಮ್ಮ ಪಂಗಡ ಕರ್ನಾಟಕದ ಪಟ್ಟಿಯಲ್ಲಿಲ್ಲ’ ಅಂತ ಯಾರಾದರೂ ಹೇಳಬಹುದು. ಬೇರೆ ರಾಜ್ಯಕ್ಕೆ ಹೋದ ಮಾತ್ರಕ್ಕೆ ಈ ಕಾಯ್ದೆಯ ರಕ್ಷಣೆ ತಪ್ಪುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ಪೂರ್ಣ ಪೀಠ 2023ರಲ್ಲಿ ಹೇಳಿದೆ. ಅದನ್ನು ವಕೀಲರ ಗಮನಕ್ಕೆ ತನ್ನಿ.

ದೂರು ಬರೆಯುವಾಗ ಒಂದು ಎಚ್ಚರಿಕೆ. ನಮ್ಮ ಠಾಣೆಗಳ ಕನ್ನಡದಲ್ಲಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತಾರೆ’ ಅನ್ನುವ ಸಾಲು ತಾನಾಗಿಯೇ ಬಂದು ಕೂರುತ್ತದೆ. ಬಿಡಬೇಡಿ. ಯಾವ ಮಾತು ಆಡಿದರೋ ಅದೇ ಮಾತು, ಎಷ್ಟೇ ಕೆಟ್ಟದಾಗಿರಲಿ, ಇದ್ದ ಹಾಗೇ ಬರೆಯಿರಿ. ಜಾತಿ ಹೆಸರು ಎತ್ತಿದ್ದರೆ ಅದು ಅಕ್ಷರದಲ್ಲಿ ಕಾಣಬೇಕು. ಇಲ್ಲದಿದ್ದರೆ ಕೇಸು ಬರೀ ಬೈಗುಳದ ಕೇಸಾಗಿ, ಎಫ್‌ಐಆರ್ ಮಾಡದೆ ಎನ್‌ಸಿಆರ್ ಅನ್ನುವ ಚೀಟಿ ಕೈಗೆ ಕೊಟ್ಟು ಕಳಿಸುತ್ತಾರೆ. ಬಾಯಲ್ಲಿ ಹೇಳಿ ಬರೆಸಿದ್ದಾದರೆ ಓದಿ ಹೇಳಿಸಿಕೊಳ್ಳುವುದು ದೂರುದಾರರ ಹಕ್ಕು. ಕನ್ನಡ ಬರದವರಿಗೆ ಅವರ ಭಾಷೆಯಲ್ಲಿ ವಿವರಿಸಿದ ಮೇಲೆಯೇ ಸಹಿ.

ಯಾವ ಠಾಣೆಗೆ ಬೇಕಾದರೂ ಹೋಗಬಹುದು. ‘ಇದು ನಮ್ಮ ಲಿಮಿಟ್ಸ್ ಅಲ್ಲ’ ಅಂದರೆ ಜೀರೊ ಎಫ್‌ಐಆರ್ (ಯಾವ ಠಾಣೆಯಲ್ಲಾದರೂ ದಾಖಲಿಸಿ ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವುದು) ಮಾಡಿ ಅನ್ನಿ. ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಗಂಭೀರ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿಯಾಗಿದೆ. ತೆಗೆದುಕೊಳ್ಳಲಿಲ್ಲ ಅಂದರೆ ಲಿಖಿತವಾಗಿ ಹಿಂಬರಹ ಕೊಡಿ ಅಂತ ಕೇಳಿ, ಡಿಸಿಪಿಗೆ ರಿಜಿಸ್ಟರ್ಡ್ ಪೋಸ್ಟ್ ಕಳಿಸಿ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟ್. ‘ರಾಜಿ ಮಾಡ್ಕೊಳ್ಳಿ, ಮುಚ್ಚಳಿಕೆ ಬರೆಸ್ಕೊಡ್ತೀವಿ’ ಅನ್ನುವ ಮಾತು ಬಂದೇ ಬರುತ್ತದೆ. ಒಪ್ಪುವುದು ಬಿಡುವುದು ನೊಂದವರ ಇಷ್ಟ. ಮನೆಗೆ ಹೋಗಿ ಯೋಚನೆ ಮಾಡ್ತೀವಿ ಅಂತ ಎದ್ದು ಬರಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ. ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರು ಇವರಿಗೆಲ್ಲ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಮಕ್ಕಳ ವಿಷಯಕ್ಕೆ 1098, ಹೆಂಗಸರಿಗೆ 181, ವಯಸ್ಸಾದವರಿಗೆ 14567. ಅಂಗವಿಕಲರನ್ನು ಎಲ್ಲರೆದುರು ಅವಮಾನ ಮಾಡಿದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೇ ಸೆಕ್ಷನ್, ಲಿಂಗತ್ವ ಅಲ್ಪಸಂಖ್ಯಾತರಿಗೆ ಅವರ ಹಕ್ಕುಗಳ 2019ರ ಕಾಯ್ದೆಯ 18ನೇ ಸೆಕ್ಷನ್. ಸರ್ಕಾರಿ ನೌಕರರೇ ತಪ್ಪು ಮಾಡಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಬೇಕು. ವಿದೇಶಿಯರಿಗೂ ಸಂವಿಧಾನದ 14 ಮತ್ತು 21ನೇ ವಿಧಿ ಅನ್ವಯಿಸುತ್ತವೆ. ಠಾಣೆಯಲ್ಲಿ ದೂರು ಕೊಡಲು ಭಾರತೀಯರೇ ಆಗಿರಬೇಕಿಲ್ಲ.

ವೀಡಿಯೊ ಇಲ್ಲದ ಅನ್ಯಾಯ

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಯಾರೂ ಚಿತ್ರ ತೆಗೆಯದ, ಗ್ರೂಪಿನಲ್ಲಿ ಜಗಳವೇ ಆಗದ ಅನ್ಯಾಯಗಳೇ ಜಾಸ್ತಿ. ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕಟ್ಟಿಕೊಂಡರೆ ‘ಯಾರನ್ನಾದರೂ ಇಳಿಸಿ ಕ್ಲೀನ್ ಮಾಡಿಸಿ’ ಅಂತ ಸಂದೇಶ ಬರುತ್ತದೆ, ಕೆಳಗೆ ನಾಲ್ಕು ಜನ ಹೆಬ್ಬೆಟ್ಟು ಎತ್ತುತ್ತಾರೆ. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಹೀಗೆ ಗುಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಇಳಿಸಿದವರಲ್ಲಿ ನಿಮ್ಮ ಅಸೋಸಿಯೇಷನ್ ಕೂಡ ಸೇರುತ್ತದೆ. ಸತ್ತರೆ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಅಂತ ಹೇಳಿತ್ತು, 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿತು. 2014ರ ತೀರ್ಪಿನ ಹಿಂದೆ ಇದ್ದ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದವರಲ್ಲಿ ಒಬ್ಬರು ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್. ಗ್ರೂಪಿನಲ್ಲಿ ‘ಇಳಿಸಿ’ ಅನ್ನುವ ಮಾತು ಕಂಡ ಕೂಡಲೇ ‘ಯಂತ್ರ ಕರೆಸಿ, ಇಳಿಸಿದರೆ ಕೇಸಾಗುತ್ತದೆ’ ಅಂತ ಒಂದು ಸಾಲು ಹಾಕಿ. ವೀಡಿಯೊ ಜಗಳದಲ್ಲಿ ಬರೆಯುವ ನೂರು ಸಾಲಿಗಿಂತ ಅದು ಕೆಲಸಕ್ಕೆ ಬರುತ್ತದೆ.

ಈಗ ವಾದ ಮಾಡಿ

ಯಾರಿಗಾಗಿ ಬರೆಯುತ್ತಿದ್ದೀರಿ ಅನ್ನುವುದು ಮೊದಲು ಸ್ಪಷ್ಟ ಇರಲಿ. ಕೆಟ್ಟ ಮಾತು ಹಾಕಿದವರು ಬದಲಾಗುವುದು ಅಪರೂಪ. ಆದರೆ ಗ್ರೂಪಿನಲ್ಲಿ 200 ಜನ ಇದ್ದರೆ ಮಾತಾಡುತ್ತಿರುವವರು ಎಂಟೋ ಹತ್ತೋ, ಉಳಿದವರು ಸುಮ್ನೆ ಓದುತ್ತಿದ್ದಾರೆ. ಅವರಲ್ಲಿ ಒಬ್ಬ ಸಿಕ್ಕಿಂನವಳು ಇರಬಹುದು, ಒಬ್ಬ ದಲಿತ ಹುಡುಗ ಇರಬಹುದು, ಒಬ್ಬರೂ ನಮ್ಮ ಪರ ಮಾತಾಡಲಿಲ್ಲ ಅಂತ ಅಂದುಕೊಳ್ಳುತ್ತಿರಬಹುದು. ಅವರಿಗಾಗಿ ಬರೆಯಿರಿ. ಆಗ ಧಾಟಿಯೂ ತಣ್ಣಗಿರುತ್ತದೆ.

ಸಾಮಾನ್ಯವಾಗಿ ಬರುವ ಮಾತುಗಳು ಇಷ್ಟೇ.

‘ರೇಸಿಸಂ ಎಲ್ಲ ಅಮೆರಿಕದ್ದು, ನಮ್ಮಲ್ಲಿ ಎಲ್ಲಿದೆ?’ ನಮ್ಮ ಸಂವಿಧಾನದ 15ನೇ ವಿಧಿಯಲ್ಲೇ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಜೊತೆ ಜನಾಂಗವೂ ಇದೆ. ಜನಾಂಗ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದವನ್ನು ಭಾರತ 1968ರಲ್ಲೇ ಒಪ್ಪಿಕೊಂಡಿದೆ. ಇದಕ್ಕಿಂತ ಹತ್ತಿರದ ಉದಾಹರಣೆ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ತಲೆಮಾರುಗಳಿಂದ ಇರುವ, ಕನ್ನಡ ಕೊಂಕಣಿ ಮಾತಾಡುವ, ಆಫ್ರಿಕಾ ಮೂಲದ ಜನ. 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಂಥ ಅಪ್ಪಟ ಕನ್ನಡಿಗ ಹುಡುಗ ಬೆಂಗಳೂರಿನಲ್ಲಿ ಮನೆ ಬಾಡಿಗೆ ಕೇಳಲು ಹೋದರೆ ‘ವಿಚ್ ಕಂಟ್ರಿ’ ಅನ್ನುತ್ತೇವಲ್ಲ, ಅದಕ್ಕೆ ಬೇರೆ ಯಾವ ಹೆಸರು ಇಡೋಣ ಅಂತ ಕೇಳಿ.

‘ಅವರೇನು ಕಮ್ಮಿನಾ, ಅವರೂ ತಪ್ಪು ಮಾಡ್ತಾರೆ.’ 2016ರ ಜನವರಿ ಕೊನೆಗೆ ಸೋಲದೇವನಹಳ್ಳಿ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಒಬ್ಬ ಮಹಿಳೆ ಸತ್ತರು. ಆಮೇಲೆ ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದು ಹೊಡೆಯಿತು, ಕಾರಿಗೆ ಬೆಂಕಿ ಹಾಕಿತು. ದೇಶವೇ ಬೇರೆ, ಮನುಷ್ಯರೇ ಬೇರೆ. ಒಂದೇ ಆಗಿದ್ದದ್ದು ಚರ್ಮದ ಬಣ್ಣ. ಸತ್ತ ಮಹಿಳೆಗೆ ನ್ಯಾಯ ಬೇಕಿತ್ತು, ಆ ವಿದ್ಯಾರ್ಥಿನಿಗೂ ಬೇಕಿತ್ತು. ಒಂದು ಇನ್ನೊಂದಕ್ಕೆ ಉತ್ತರ ಆಗುವುದಿಲ್ಲ.

‘ಮೊದಲು ಕನ್ನಡ ಕಲೀಲಿ.’ ಇಲ್ಲಿ ಹುಷಾರು, ಬಹಳ ಜನ ಇಲ್ಲೇ ಜಾರುತ್ತಾರೆ. ಬೆಂಗಳೂರಿನಲ್ಲಿ ಕನ್ನಡ ನಡೆಯಬೇಕು ಅನ್ನುವುದು ನ್ಯಾಯವಾದ ಬೇಡಿಕೆ, ಕಲಿಯದೆ ವರ್ಷಗಟ್ಟಲೆ ಇರುವವರ ಮೇಲೆ ನನಗೂ ಸಿಟ್ಟಿದೆ. ಆದರೆ 2014ರ ಅಕ್ಟೋಬರ್‌ನಲ್ಲಿ ಕೊತ್ತನೂರಿನ ಹೋಟೆಲಿನಲ್ಲಿ ಕನ್ನಡ ಮಾತಾಡಲಿಲ್ಲ ಅಂತ ಮಣಿಪುರದ ಯುವಕರನ್ನು ಹೊಡೆದದ್ದರಿಂದ ಒಬ್ಬನಾದರೂ ಕನ್ನಡ ಕಲಿತನಾ? ಇನ್ನೊಂದು ಕಡೆಯೂ ಇದೆ. ದುಡ್ಡಿರುವವರು ಕನ್ನಡ ಮಾತಾಡುವ ಆಟೊ ಚಾಲಕನ ಮೇಲೋ ಸೆಕ್ಯೂರಿಟಿಯವರ ಮೇಲೋ ಕೈ ಮಾಡಿದಾಗ ‘ಇವರೆಲ್ಲ ಹೀಗೇ’ ಅಂತ ಬರೆಯುವವರಿಗೂ ಇದೇ ಪ್ರಶ್ನೆ ಕೇಳಿ. ಅಳತೆ ಎರಡು ಕಡೆಗೂ ಒಂದೇ ಇರಬೇಕು. ನಿಮ್ಮ ಮಾತನ್ನು ಆಗ ಕನ್ನಡಿಗರೂ ಕೇಳುತ್ತಾರೆ, ಹೊರಗಿನವರೂ ಕೇಳುತ್ತಾರೆ.

‘ಒಂದು ಘಟನೆಗೆ ಇಡೀ ಬೆಂಗಳೂರಿಗೆ ಕೆಟ್ಟ ಹೆಸರು ತರ್ತಾರೆ.’ ಇದು ಅರ್ಧ ನಿಜ, ಒಪ್ಪಿಕೊಂಡುಬಿಡಿ. ಇಡೀ ಊರನ್ನು ಬೈಯುವುದು ತಪ್ಪು. ‘ಸರಿ, ಹಾಗಾದರೆ ದೂರು ಕೊಡಲು ನಾವೇ ಜೊತೆಗೆ ಹೋಗೋಣ, ಬೆಂಗಳೂರಿನವರು ಬಂದರು ಅಂತ ಗೊತ್ತಾಗಲಿ, ಯಾರು ಬರ್ತೀರಿ?’ ಅಂತ ಕೇಳಿ. ಚರ್ಚೆ ಅಲ್ಲಿಗೆ ಬಹಳ ಸಲ ತಣ್ಣಗಾಗುತ್ತದೆ. ಒಮ್ಮೊಮ್ಮೆ ಒಬ್ಬರು ನಿಜವಾಗಿಯೂ ಬರುತ್ತಾರೆ.

ಎಲ್ಲಕ್ಕೂ ಎಲ್ಲರೆದುರೇ ಉತ್ತರ ಕೊಡಬೇಕಿಲ್ಲ. ನಿವೃತ್ತರಾದ ಅಂಕಲ್ ಒಬ್ಬರು ತಿಳಿಯದೆ ಹಳೇ ಬೈಗುಳ ಬಳಸಿದ್ದರೆ ಪ್ರತ್ಯೇಕವಾಗಿ ಸಂದೇಶ ಹಾಕಿ: ‘ಅಂಕಲ್, ಆ ಮಾತು ಅವರಿಗೆ ತುಂಬಾ ನೋವಾಗುತ್ತೆ, ಡಿಲೀಟ್ ಮಾಡ್ಬಿಡ್ತೀರಾ?’ ಮರ್ಯಾದೆ ಉಳಿದರೆ ಮಾಡುತ್ತಾರೆ. ಬೇಕೆಂದೇ ಬಳಸುವವರಿಗೆ ಮಾತ್ರ ಎಲ್ಲರೆದುರು, ಒಂದೇ ಸಲ, ಎರಡು ಸಾಲಿನಲ್ಲಿ ಹೇಳಿ ಮುಗಿಸಿ. ಮೂರನೇ ಸುತ್ತಿಗೆ ಹೋಗಬೇಡಿ.

ನ್ಯಾಯದ ಪರ ನಿಂತವರೂ ಕೆಲವು ಕಡೆ ಎಡವುತ್ತೇವೆ. ಆರೋಪಿಯ ಮನೆ ವಿಳಾಸ, ಹೆಂಡತಿ ಮಕ್ಕಳ ಫೋಟೊ ಹಾಕುವುದು. ಅವನ ಜಾತಿ ಹಿಡಿದು ಬೈಯುವುದು. ಹೆಸರು ಒಂದೇ ಅಂತ ಬೇರೆ ಯಾರನ್ನೋ ಹಿಡಿದು ಉಗಿಯುವುದು. ಮಾನಹಾನಿ ಕೇಸು ಬಂದರೆ ಅದು ನಿಮ್ಮ ತಲೆಗೆ ಮಾತ್ರ ಬರುವುದಿಲ್ಲ, ಮೂಲ ಕೇಸೂ ಸಡಿಲ ಆಗುತ್ತದೆ. ‘ಆರೋಪಿ’ ಅಂತ ಬರೆಯಿರಿ, ಕೋರ್ಟ್ ಹೇಳುವ ತನಕ ಅಪರಾಧಿ ಅನ್ನಬೇಡಿ.

ಅಡ್ಮಿನ್‌ಗಳಿಗೆ

ಯಾರೋ ಹಾಕಿದ ಸಂದೇಶಕ್ಕೆ ಅಡ್ಮಿನ್ ಜೈಲಿಗೆ ಹೋಗುತ್ತಾರೆ ಅನ್ನುವ ಭಯದಲ್ಲಿ ಕೆಲವರು ಚರ್ಚೆಯನ್ನೇ ಮುಚ್ಚಿಬಿಡುತ್ತಾರೆ. ಸದಸ್ಯರ ಪೋಸ್ಟಿಗೆ ಅಡ್ಮಿನ್ ಅನ್ನು ಹೊಣೆ ಮಾಡುವಂತಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಗ್ರೂಪಿನ ವಿವರಣೆಯಲ್ಲಿ ಮೂರು ಸಾಲಿನ ನಿಯಮ ಹಾಕಿ: ಜಾತಿ, ಜನಾಂಗ, ಊರು ಹಿಡಿದು ಬೈಯುವಂತಿಲ್ಲ, ನೊಂದವರ ಮುಖ ಕಾಣುವ ವೀಡಿಯೊ ಹಾಕುವಂತಿಲ್ಲ, ಮನೆಕೆಲಸದವರು ಡೆಲಿವರಿಯವರ ಫೋಟೊ ಹಾಕಿ ಕಳ್ಳರು ಅನ್ನುವಂತಿಲ್ಲ. ಈ ಮೂರನೆಯದಕ್ಕೇ ವಿರೋಧ ಜಾಸ್ತಿ ಬರುತ್ತದೆ, ಗಟ್ಟಿಯಾಗಿ ನಿಲ್ಲಿ.

ದೂರು ದಾಖಲಾಗಿದ್ದರೆ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ಪೊಲೀಸರು ದೂರುದಾರರಿಗೆ ತಿಳಿಸಬೇಕು, ಹೊಸ ಕಾನೂನಿನಲ್ಲಿ ಹಾಗಿದೆ. ಆ ತಾರೀಕನ್ನು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಟ್ಟು ಅವತ್ತು ಅವರಿಗೆ ನೆನಪಿಸಿ, ಠಾಣೆಗೆ ಜೊತೆಗೆ ಹೋಗಿ. ಇನ್ನು, ಕೆಟ್ಟ ಪೋಸ್ಟನ್ನು ಅಡ್ಮಿನ್ ಆಗಿ ನೀವು ಎಲ್ಲರ ಫೋನಿನಿಂದಲೂ ಅಳಿಸಬಹುದು. ಅಳಿಸುವ ಮುಂಚೆ ಹೆಸರು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಬೈಸಿಕೊಂಡವರು ಮುಂದೆ ದೂರು ಕೊಡಲು ಕೇಳಿದರೆ ಅದನ್ನು ಅವರಿಗೆ ಕೊಡಿ.